ಸೀನಿಯರುಗಳ ಹಳೆ ಪುಸ್ತಕ: ಯಾವುದು ತಗೊಳ್ಬಹುದು, ಯಾವುದು ಬೇಡ?

ಪ್ರಶ್ನೆ: ನಾನು ಉಡುಪಿಯಲ್ಲಿ ಎಲ್‌ಎಲ್‌ಬಿಗೆ ಸೇರಿದ್ದೇನೆ, ತಂಗಿ ಮಂಗಳೂರಿನಲ್ಲಿ ಬಿ.ಎಡ್. ಹಳೆ ಪುಸ್ತಕಗಳು ಅರ್ಧ ಬೆಲೆಗೆ ಸಿಗ್ತಾ ಉಂಟು. ಗೊತ್ತಿದ್ದವರು ಹೇಳಿ.

ಉತ್ತರ 1: ಕ್ರಿಮಿನಲ್ ಪುಸ್ತಕ ಹಳೆಯದು ಬೇಡ ಮಾರಾಯ್ರೆ. 2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸಿಆರ್‌ಪಿಸಿ (ತನಿಖೆ, ವಿಚಾರಣೆಯ ಕಾಯ್ದೆ), ಎವಿಡೆನ್ಸ್ ಆಕ್ಟ್ (ಸಾಕ್ಷ್ಯ ಕಾಯ್ದೆ) ಕಥೆಯೂ ಅದೇ. ಐಪಿಸಿಯಲ್ಲಿ 511 ಕಲಂ ಇದ್ದದ್ದು ನ್ಯಾಯ ಸಂಹಿತೆಯಲ್ಲಿ 358 ಆಗಿದೆ, ಕೊಲೆಗೆ 302ರ ಬದಲು 103. ಹಳೆಯದರಲ್ಲಿ ತತ್ವ ಸರಿಯಿದ್ದರೂ ಉತ್ತರದಲ್ಲಿ ಕಲಂ ತಪ್ಪುತ್ತದೆ. ಹಾಗಂತ ಐಪಿಸಿ ಬೇರ್ ಆಕ್ಟ್ (ವ್ಯಾಖ್ಯಾನವಿಲ್ಲದ ಕಾಯ್ದೆಯ ಪಠ್ಯ) ಕೈಯಲ್ಲಿದ್ದರೆ ಗುಜರಿಗೆ ಹಾಕಬೇಡಿ: ಆ ದಿನಕ್ಕಿಂತ ಮುಂಚಿನ ಅಪರಾಧಕ್ಕೆ ಅದೇ ಅನ್ವಯ.

ಕಾಂಟ್ರಾಕ್ಟ್, ಆಸ್ತಿ ವರ್ಗಾವಣೆ ಹಳೆಯದಾದರೂ ನಡೆಯುತ್ತದೆ. ಸ್ಪೆಸಿಫಿಕ್ ರಿಲೀಫಿಗೆ (ಒಪ್ಪಂದವನ್ನು ಕೋರ್ಟಿನ ಮೂಲಕ ನೆರವೇರಿಸಿಕೊಳ್ಳುವಂಥ ಪರಿಹಾರಗಳ ಕಾಯ್ದೆ) 2018ರ ತಿದ್ದುಪಡಿ ಬೇಕು. ಹಿಂದೂ ಲಾದಲ್ಲಿ 2020ರ ವಿನೀತಾ ಶರ್ಮಾ ತೀರ್ಪು ಇರಲೇಬೇಕು. ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು, ಅದನ್ನು ಕೊಟ್ಟ ತಿದ್ದುಪಡಿ ಬಂದ 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದದ್ದು ಅದು. ನಮ್ಮ ಊರಿನವರು ಅಳಿಯಸಂತಾನ (ತಾಯಿಯ ಕಡೆಯಿಂದ ಆಸ್ತಿ ಸಾಗುವ ಪದ್ಧತಿ) ಎಷ್ಟು ಪುಟ ಇದೆ ಎಂದೂ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 7 ಮತ್ತು 17ನೇ ಕಲಂ ಬಿಡಿಸಿ ಹೇಳದ ಪುಸ್ತಕ ಹಿಡಿದರೆ ಇಲ್ಲಿನ ಕುಟುಂಬ, ಕವರು (ಕುಟುಂಬದೊಳಗೆ ಹೆಣ್ಣಿನ ಕಡೆಯ ಕವಲು) ಆಸ್ತಿಯ ದಾವೆ ಅರ್ಥವೇ ಆಗುವುದಿಲ್ಲ.

ಶೀರ್ಷಿಕೆ ಪುಟದ ಹಿಂಬದಿ ನೋಡಿ. ಅಲ್ಲಿ ‘ರೀಪ್ರಿಂಟ್’ ಎದುರಿನ ವರ್ಷಕ್ಕೆ ಮೋಸ ಹೋಗಬೇಡಿ, ಆವೃತ್ತಿಯ ವರ್ಷವೇ ಮುಖ್ಯ. ಕೇಂದ್ರದ ಕಾಯ್ದೆಗಳ ಮೂಲ ಪಠ್ಯ ಇಂಡಿಯಾ ಕೋಡ್ ತಾಣದಲ್ಲಿ ಪುಕ್ಕಟೆ.

ಉತ್ತರ 2: ಬಿ.ಎಡ್.ಗೆ ಮನೋವಿಜ್ಞಾನ, ಶಿಕ್ಷಣ ತತ್ವಶಾಸ್ತ್ರ ಹಳೆಯದು ಸಾಕು. ನೀತಿ, ಪಠ್ಯಕ್ರಮದ ಪುಸ್ತಕದಲ್ಲಿ 2020ರ ಶಿಕ್ಷಣ ನೀತಿ ಇರಬೇಕು. ಸಮನ್ವಯ ಶಿಕ್ಷಣದ್ದಕ್ಕೆ (ಅಂಗವಿಕಲ ಮಕ್ಕಳಿಗೂ ಎಲ್ಲರ ಜೊತೆ ಕಲಿಸುವುದು) ಸುಲಭ ಪರೀಕ್ಷೆ ಉಂಟು: ಅಂಗವೈಕಲ್ಯ 7 ಬಗೆ ಎಂದಿದ್ದರೆ ಅದು 1995ರ ಕಾಯ್ದೆಯದ್ದು, ಬಿಡಿ. 2016ರ ಕಾಯ್ದೆಯಲ್ಲಿ 21.

ಪ್ರಶ್ನೆ: ಇತಿಹಾಸ ಎಂಎಗೆ, ತುಳುನಾಡಿನ ಶಾಸನಗಳಿಗೆ?

ಉತ್ತರ 3: ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಹಳೆ ಸಂಪುಟ ಕೊಳ್ಳಬೇಡಿ, ಅವು ಮೈಸೂರು ಸಂಸ್ಥಾನದ್ದು. 1956ರವರೆಗೆ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತಲ್ಲ, ಹಾಗಾಗಿ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 7ನೇ ಸಂಪುಟದಿಂದ ಶುರು ಮಾಡಿ. ಪದದ ಅರ್ಥ ತೊಡಕಾದರೆ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ 6 ಸಂಪುಟಗಳ ತುಳು ನಿಘಂಟು ಉಂಟು.

ಉತ್ತರ 2: ಕೊಂಡ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಡಿ. ಮಳೆಗಾಲದಲ್ಲಿ ಒಳಗಿನ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ಕಪಾಟು ಗೋಡೆಗೆ ತಾಗದಿರಲಿ, ಪುಸ್ತಕಗಳು ಸಡಿಲವಾಗಿರಲಿ. ಬೂಷ್ಟು ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಇನ್ನಷ್ಟು ಹರಡುತ್ತದೆ. ಫ್ಯಾನಿನ ಗಾಳಿಗೆ ಪುಟ ಬಿಡಿಸಿ ಪೂರ್ತಿ ಒಣಗಿಸಿ, ಆಮೇಲೆ ಮನೆಯ ಹೊರಗೆ ಮೃದು ಬ್ರಶ್ಶಿನಿಂದ ತೆಗೆಯಿರಿ.