ಪದ ಬೇಕು, ತುರ್ತು: ‘ಮಸಲ್ ರಿಲ್ಯಾಕ್ಸೆಂಟ್’

ಎಲ್ಲರಿಗೂ ನಮಸ್ಕಾರ. ಬೆನ್ನು, ಕುತ್ತಿಗೆ ನೋವಿಗೆ ಕೊಡುವ ಔಷಧಿಗಳ ಬಗ್ಗೆ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಪ್ಯಾರಾಸಿಟಮಾಲ್, ಡೈಕ್ಲೊಫೆನಾಕ್ ಹೆಸರುಗಳನ್ನು ಹಾಗೇ ಇಟ್ಟಿದ್ದೇನೆ. ಗುಂಪಿನ ಹೆಸರುಗಳೇ ಕಷ್ಟ. ಟಿಜಾನಿಡಿನ್, ಥಯೋಕಾಲ್ಚಿಕೋಸೈಡ್ ಥರದ ಮಸಲ್ ರಿಲ್ಯಾಕ್ಸೆಂಟ್‌ಗಳಿಗೆ, ಅಂದರೆ ಬಿಗಿದ ಮಾಂಸಖಂಡ ಸಡಿಲಿಸುವ ಔಷಧಿಗಳಿಗೆ, ಹಳೇ ಕರಡಿನಲ್ಲಿ ‘ಸ್ನಾಯು ಶಿಥಿಲಕಾರಿ’ ಅಂತಿದೆ. ಅಮ್ಮನಿಗೆ ಓದಲು ಕೊಟ್ಟೆ. ‘ಶಿಥಿಲ ಅಂದ್ರೆ ಬೀಳೋ ಹಾಗಿರೋ ಕಟ್ಟಡ ಅಲ್ವಾ, ಇದನ್ನ ಯಾಕೆ ನುಂಗ್ಬೇಕು?’ ಅಂದರು. ಬೇರೆ ಪದ ಇದೆಯಾ?

ಉತ್ತರ:
‘ಸ್ನಾಯು’ವೂ ಬೇಡ. ಸಂಸ್ಕೃತದಲ್ಲಿ ಅದು ಮೂಳೆ ಕಟ್ಟಿರುವ ನಾರು, ಮಾಂಸಖಂಡ ಅಲ್ಲ. ಬಂಗಾಳಿಯಲ್ಲಂತೂ ನರಕ್ಕೆ ಸ್ನಾಯು ಅಂತಾರೆ. ‘ಔಷಧಿ’ ಯಾಕೆ? ನಮ್ಮದೇ ‘ಮದ್ದು’ ಇದೆ. ಹಳಗನ್ನಡದ ‘ಮರ್ದು’, ತಮಿಳಿನ ‘ಮರುಂದು’ ಎಲ್ಲ ಒಂದೇ ಬೇರು. ‘ಸಡಿಲಮದ್ದು’ ಅನ್ನಿ. ಮುಗಿಯಿತು.

ಉತ್ತರ:
ಮುಗಿಯಲಿಲ್ಲ. ‘ಸಡಿಲ’ವೇ ‘ಶಿಥಿಲ’ದ ತದ್ಭವ. ಅದು ನಮ್ಮದಾಗಬಹುದು, ‘ಔಷಧಿ’ ಆಗಬಾರದಾ? ‘ಮದ್ದು’ ಮಂಗಳೂರು ಕಡೆ ಸರಿ. ನಮ್ಮ ಹಳ್ಳಿಯಲ್ಲಿ ‘ಮದ್ದು ಹಾಕಿದ್ದಾರೆ’ ಅಂದರೆ ಜನ ಹೆದರುತ್ತಾರೆ.

ನೋವಿದ್ದವರು ಏನಂತಾರೆ ಕೇಳಿ. ‘ಕತ್ತು ಹಿಡ್ಕೊಂಡಿದೆ’, ‘ಸೊಂಟ ಹಿಡ್ಕೊಂಡಿದೆ’. ಹಿಡಿದದ್ದು ಬಿಡಬೇಕು, ಅಷ್ಟೆ. ‘ಬಿಗಿತ ಬಿಡಿಸುವ ಮಾತ್ರೆ’ ಅನ್ನಿ. ಪಕ್ಕದಲ್ಲೇ ‘ತೂಕಡಿಕೆ ಬರಬಹುದು, ಗಾಡಿ ಓಡಿಸಬೇಡಿ’ ಅಂತ ಹಾಕಿ.

ನನಗೆ ಜಾಸ್ತಿ ಭಯ ಇರುವುದು ಇನ್ನೊಂದು ಪದದ ಮೇಲೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಂಪಿಗೆ ‘ಉರಿಯೂತ ನಿವಾರಕ’ ಅಂತ ಬರೆಯುತ್ತಾರೆ. ಉರಿ, ಊತ ಎರಡೂ ಅಚ್ಚಗನ್ನಡ. ಆದರೂ ಓದುವವರ ಕಣ್ಣು ‘ಉರಿ’ ಹತ್ತಿರವೇ ನಿಲ್ಲುತ್ತದೆ. ನಮ್ಮ ಪಕ್ಕದ ಮನೆ ಅಜ್ಜಿ ಎದೆಯುರಿಗೆ ಅಂತ ಇದೇ ಮಾತ್ರೆ ನುಂಗಿದ್ದರು, ಅದೂ ಬೆಳಗ್ಗೆ ಖಾಲಿ ಹೊಟ್ಟೆಗೆ. ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲ ಮಾತ್ರೆ ಅದು! ಕಿಡ್ನಿಗೂ ತೊಂದರೆ ಕೊಡಬಹುದು. ‘ನೋವು, ಬಾವು ಇಳಿಸುವ ಮಾತ್ರೆ’ ಸಾಕು. ‘ನಿವಾರಕ’ ತೆಗೆಯಿರಿ. ನೋವು ತಗ್ಗುತ್ತದೆ, ಬೇರುಸಮೇತ ಹೋಗುವುದಿಲ್ಲ.

ಉತ್ತರ:
‘ಮಾತ್ರೆ’ಯೂ ಸಂಸ್ಕೃತವೇ. ಛಂದಸ್ಸಿನ ಮಾತ್ರೆಯೂ ಅದೇ, ಅಳತೆ ಅಂತ ಅರ್ಥ. ಹೀಗೆ ಒಂದೊಂದೇ ಒಳಗೆ ಬಿಟ್ಟುಕೊಂಡೇ ನಮ್ಮ ಪದಗಳು ಸತ್ತವು. ನನಗೆ ಒಪ್ಪಿಗೆ ಇಲ್ಲ.

ಉತ್ತರ:
ಮಾತ್ರೆ ಬೇಡವಾದರೆ ಧಾರವಾಡದ ಕಡೆ ‘ಗುಳಿಗಿ’ ಇದೆ. ಅದೂ ಸಂಸ್ಕೃತದ್ದೇ. ಅಂಗಡಿಗೆ ಹೋದವರು ಏನು ಕೇಳಬೇಕು ಅಂತ ನೀವೇ ಹೇಳಿ.

ಕೇಳಿದವರಿಂದ:
ಇಬ್ಬರಿಗೂ ಧನ್ಯವಾದ. ‘ಬಿಗಿತ ಬಿಡಿಸುವ ಮಾತ್ರೆ’ ಅಂತ ತಿದ್ದಿ ಮತ್ತೆ ಅಮ್ಮನ ಕೈಗೆ ಕೊಟ್ಟೆ. ‘ರಾತ್ರಿ ಮಲಗೋವಾಗ ತಗೊಳ್ಳಿ ಅಂದಿದ್ರಲ್ಲ, ತಗೊಂಡ್ರೆ ಮಂಪರು ಬರುತ್ತಲ್ಲ, ಅದಾ?’ ಅಂತ ಕೇಳಿದರು. ಅದೇ. ಅದನ್ನೇ ಅಚ್ಚಿಗೆ ಕಳಿಸುತ್ತೇನೆ. ‘ಉರಿಯೂತ’ ಇದ್ದ ಮೂರೂ ಕಡೆ ‘ಬಾವು’ ಮಾಡಿದ್ದೇನೆ.

ಇನ್ನೊಂದು ಉಳಿದಿದೆ. ಗಾಬಾಪೆಂಟಿನ್, ಪ್ರೆಗಾಬಲಿನ್ ಫಿಟ್ಸ್‌ಗೂ ಕೊಡುತ್ತಾರೆ, ಕಾಲಿಗೆ ಇಳಿಯುವ ನೋವಿಗೂ ಕೊಡುತ್ತಾರೆ. ‘ನರದ ನೋವಿನ ಮಾತ್ರೆ’ ಅಂದರೆ ಸರಿಯಾ? ಜನ ರಕ್ತನಾಳಕ್ಕೂ ನರ ಅಂತಾರಲ್ಲ. ಇವತ್ತು ರಾತ್ರಿಯೊಳಗೆ ಹೇಳಿ.