ಬಹುಶಿಸ್ತೀಯ ಕಲಾವಿದೆ ಅನ್ನಬಹುದಾ?

ಲೆಬನಾನಿನ ಯುಗೆಟ್ ಕಲಾಂದ್ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ಪರಿಚಯ ಬರೀತಿದೀನಿ, ಮೊದಲನೇ ಸಾಲಲ್ಲೇ ಸಿಕ್ಕಾಕೊಂಡಿದೀನಿ. ಹೀಗೆ ಹಲವು ಬಗೆಯ ಕಲೆಗಳಲ್ಲಿ ಕೆಲಸ ಮಾಡೋರನ್ನ ಇಂಗ್ಲಿಷಲ್ಲಿ ಮಲ್ಟಿಡಿಸಿಪ್ಲಿನರಿ ಆರ್ಟಿಸ್ಟ್ ಅಂತಾರೆ. ನಮ್ಮ ಯೂನಿವರ್ಸಿಟಿ ಕನ್ನಡದಲ್ಲಿ 'ಬಹುಶಿಸ್ತೀಯ' ಅಂತಿದೆ, ಆದ್ರೆ ಶಿಸ್ತು ಅಂದ ಕೂಡ್ಲೇ ಓದೋರಿಗೆ ಸ್ಕೂಲು, ಯೂನಿಫಾರ್ಮು ನೆನಪಾಗುತ್ತೆ. ಬರೀ 'ಕಲಾವಿದೆ' ಅಂದ್ರೆ ಸಿನಿಮಾ ನಟಿ ಅನ್ಕೋತಾರೆ. 'ಬಹುಮುಖ ಪ್ರತಿಭೆ' ಸನ್ಮಾನಪತ್ರದ ಮಾತು, ಹೊಗಳುತ್ತೆ ಹೊರತು ಅವರೇನು ಮಾಡಿದ್ರು ಅಂತ ಹೇಳಲ್ಲ.

ಅವರು ಮಾಡಿದ್ದು ನೋಡಿ. ಹುಟ್ಟಿದ್ದು 1931, ಬೈರೂತ್. ಸ್ವತಂತ್ರ ಲೆಬನಾನಿನ ಮೊದಲ ಅಧ್ಯಕ್ಷ ಬಿಶಾರಾ ಅಲ್ ಖೂರಿ ಅವರ ಮಗಳು. 1964ರಲ್ಲಿ ಅಪ್ಪ ತೀರಿಕೊಂಡ ಮೇಲೆ, ಮೂರು ಮಕ್ಕಳ ತಾಯಿ ಆಗಿದ್ದಾಗ, ಬೈರೂತಿನ ಅಮೆರಿಕನ್ ಯೂನಿವರ್ಸಿಟೀಲಿ ಚಿತ್ರಕಲೆ ಕಲಿಯೋಕೆ ಸೇರಿದ್ರು, 1970ರಲ್ಲಿ ಗಂಡ ಮಕ್ಕಳನ್ನ ಅಲ್ಲೇ ಬಿಟ್ಟು ಚಿತ್ರ ಬರೆಯೋಕೇ ಅಂತ ಪ್ಯಾರಿಸ್‌ಗೆ ಒಬ್ಬರೇ ಹೋದ್ರು, ಆ ಕಾಲಕ್ಕೆ ಅಂಥ ಮನೆತನದ ಹೆಣ್ಣುಮಗಳು ಹಂಗೆ ಹೊರಡೋದು ಸಣ್ಣ ಮಾತಲ್ಲ. ಮೈಗೆ ಅಂಟೋ ಡ್ರೆಸ್ ಬೇಡ ಅಂತ ಕಫ್ತಾನ್ ಅನ್ನೋ ಸಡಿಲವಾದ ಉದ್ದ ನಿಲುವಂಗಿ ತೊಡ್ತಿದ್ರು, ಅದರ ಬಟ್ಟೆ ಮೇಲೆ ಮುಖ, ಮೊಲೆ, ಹೊಟ್ಟೆ, ತೊಡೆ ಎಲ್ಲಾ ಗೆರೇಲಿ ಬಿಡಿಸಿದ್ರು, ಅಂದ್ರೆ ಮೈ ಮುಚ್ಚೋ ಬಟ್ಟೇನೇ ಮೈ ತೋರಿಸುತ್ತೆ. 1979ರಲ್ಲಿ ಫ್ಯಾಷನ್ ಡಿಸೈನರ್ ಪಿಯೆರ್ ಕಾರ್ಡಿನ್ ಜೊತೆ ನೂರಕ್ಕೂ ಹೆಚ್ಚು ಕಫ್ತಾನ್ ಡಿಸೈನ್ ಮಾಡಿದ್ರು. ಆಮೇಲೆ ಶಿಲ್ಪ, ಕ್ಯಾಲಿಫೋರ್ನಿಯಾ ವಾಸ, 2013ರಲ್ಲಿ ವಾಪಸ್ ಬೈರೂತ್, 2019ರಲ್ಲಿ ಅಲ್ಲೇ ತೀರಿಕೊಂಡ್ರು.

ಇದನ್ನೆಲ್ಲ 'ಚಿತ್ರಕಲಾವಿದೆ ಮತ್ತು ವಸ್ತ್ರವಿನ್ಯಾಸಕಿ' ಅಂತ ಬರೆದ್ರೆ ತಪ್ಪೇನಿಲ್ಲ, ಆದ್ರೆ ಎರಡು ಬೇರೆ ಬೇರೆ ಉದ್ಯೋಗ ಮಾಡ್ತಿದ್ರು ಅನ್ನೋ ಹಂಗಾಗುತ್ತೆ. ಕ್ಯಾನ್ವಾಸ್ ಮೇಲಿರೋ ಗೆರೇನೇ ಬಟ್ಟೆ ಮೇಲೂ ಇದೆ, ಅದು ಒಂದೇ ಕೆಲಸ. 'ಹಲಬಗೆಯ ಕಲೆಗಾರ್ತಿ' ನನಗೆ ಹಿಡಿಸ್ತು, ಕೆಲವರಿಗೆ ಕಲೆಗಾರ್ತಿ ಹಳೇದು ಅನ್ನಿಸಬಹುದೇನೋ. ನೀವು ಏನು ಬಳಸ್ತೀರ?

ಇನ್ನೊಂದು. ಅವರ ಎಪ್ಪತ್ತರ ದಶಕದ ಹೆಸರಾಂತ ಚಿತ್ರಸರಣಿ 'ಬ್ರೀಬ್ ದ ಕೋರ್', ಇಡೀ ಕ್ಯಾನ್ವಾಸಲ್ಲಿ ಮೈಯ ಒಂದು ಮಡಿಕೆ, ಒಂದು ಉಬ್ಬು ಅಷ್ಟೇ ಇರುತ್ತೆ, ಗುಲಾಬಿ ಕಿತ್ತಳೆ ಬಣ್ಣದಲ್ಲಿ, ಬೆಟ್ಟವೋ ಸೊಂಟವೋ ಅಂತ ಗೊತ್ತಾಗಲ್ಲ. ಫ್ರೆಂಚಲ್ಲಿ ಬ್ರೀಬ್ ಅಂದ್ರೆ ಚೂರು, ತುಣುಕು, ಕೋರ್ ಅಂದ್ರೆ ಮೈ. 'ದೇಹದ ತುಂಡುಗಳು' ಅಂದ್ರೆ ಕೊಲೆ ಸುದ್ದಿ ಥರ ಕೇಳುತ್ತೆ, ಅಂಥ ಖುಷಿಯ ಚಿತ್ರಗಳಿಗೆ ಅದು ಖಂಡಿತ ಬೇಡ. 'ಮೈಯ ಚೂರುಪಾರು' ಅಂದ್ರೆ ನಡೆಯುತ್ತಾ, ಇಲ್ಲಾ ಚೂರುಪಾರು ಅನ್ನೋದ್ರಲ್ಲಿ ಉಳಿದುಬಳಿದದ್ದು ಅನ್ನೋ ಅರ್ಥ ಜಾಸ್ತಿ ಬರುತ್ತಾ? ಫ್ರೆಂಚ್ ಬಲ್ಲೋರು ದಯವಿಟ್ಟು ಹೇಳಿ.