ಪದಚರ್ಚೆ: ‘ರನ್‌ವೇ ಅಗೆದು ಮುಚ್ಚಿದರು’ ಅಂದರೆ ನಿಮಗೆ ಏನರ್ಥವಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಶಿಕಾಗೋದಲ್ಲಿ ಮಿಶಿಗನ್ ಸರೋವರದ ದಂಡೆಗಿದ್ದ ಮೆಗ್ಸ್ ಫೀಲ್ಡ್ ಎಂಬ ಪುಟ್ಟ ಏರೋಡ್ರಮ್ ಬಗ್ಗೆ ಬರೆಯುತ್ತಿದ್ದೇನೆ. (‘ವಿಮಾನ ನಿಲ್ದಾಣ’ ಅಂದರೆ ದೇವನಹಳ್ಳಿಯೇ ಕಣ್ಣಿಗೆ ಬರುತ್ತದೆ. ಜಕ್ಕೂರಿನದನ್ನು ಜನ ಏರೋಡ್ರಮ್ ಅಂತಲೇ ಕರೆಯುವುದರಿಂದ ಇಲ್ಲೂ ಅದನ್ನೇ ಇಟ್ಟುಕೊಂಡೆ.) ಮೈಕ್ರೋಸಾಫ್ಟ್‌ನ ಫ್ಲೈಟ್ ಸಿಮ್ಯುಲೇಟರ್ ಆಡಿದವರಿಗೆ ಈ ಜಾಗ ಗೊತ್ತಿರುತ್ತದೆ. ವರ್ಷಗಟ್ಟಲೆ ಆ ಆಟ ಶುರುವಾಗುತ್ತಿದ್ದದ್ದೇ ಅಲ್ಲಿಂದ.

2003ರ ಮಾರ್ಚ್ 30ರ ರಾತ್ರಿ ಮೇಯರ್ ರಿಚರ್ಡ್ ಎಂ. ಡೇಲಿ ಬುಲ್ಡೋಜರ್ ಕಳಿಸಿ ರನ್‌ವೇ ಮೇಲೆ ದೊಡ್ಡ ದೊಡ್ಡ ಇಂಟು ಮಾರ್ಕುಗಳನ್ನು ಅಗೆಸಿಬಿಟ್ಟರು. ಬಳಕೆಯಲ್ಲಿಲ್ಲದ ರನ್‌ವೇಗೆ ಬಣ್ಣದಲ್ಲಿ ಬಳಿಯುವ ಗುರುತು ಅದು; ಇಲ್ಲಿ ನೆಲವನ್ನೇ ಸೀಳಿ ಬರೆದರು. 16 ವಿಮಾನಗಳು ಅಲ್ಲೇ ಸಿಕ್ಕಿಕೊಂಡವು, ಆಮೇಲೆ ಪಕ್ಕದ ಟ್ಯಾಕ್ಸಿವೇಯಿಂದ (ವಿಮಾನಗಳು ರನ್‌ವೇಗೆ ಹೋಗಿಬರುವ ದಾರಿಯಿಂದ) ಹಾರಿಹೋದವು. ಇದನ್ನು ನಾನು ‘ರಾತ್ರೋರಾತ್ರಿ ರನ್‌ವೇ ಅಗೆದು ಮುಚ್ಚಿದರು’ ಅಂತ ಬರೆದೆ.

ಕರಡು ಓದಿದ ಅಪ್ಪ, “ಅಗೆದರು, ಮುಚ್ಚಿದರು, ಸರಿಹೋಯ್ತಲ್ಲ. ಮತ್ತೆ ವಿಮಾನಕ್ಕೇನು ತೊಂದರೆ?” ಅಂದರು. ನಮ್ಮ ಬೀದಿಯಲ್ಲಿ ಹೋದ ತಿಂಗಳಷ್ಟೇ ನೀರಿನ ಪೈಪಿಗೆ ಅಗೆದು ಮುಚ್ಚಿದ್ದಾರೆ, ಹಸಿ ಮಣ್ಣು ಇನ್ನೂ ಗೇಟಿನ ಮುಂದೆ ಉಬ್ಬಿಕೊಂಡಿದೆ. ಅವರು ಓದಿಕೊಂಡದ್ದೇ ಸರಿ.

ತೊಡಕು ಎಲ್ಲಿದೆ ನೋಡಿ. ‘ಬೀಗ ಹಾಕಿ ಮುಚ್ಚಿದರು’ ಅಂದಾಗ ‘ಹಾಕಿ’ ಎನ್ನುವುದು ಮುಚ್ಚಿದ ಬಗೆಯನ್ನು ಹೇಳುತ್ತದೆ. ‘ಅಗೆದು’ ಕೂಡ ವ್ಯಾಕರಣದಲ್ಲಿ ಅದೇ ರೂಪ. ಆದರೆ ಅಗೆಯುವುದೂ ಮುಚ್ಚುವುದೂ ನಮ್ಮಲ್ಲಿ ಜೋಡಿ ಕೆಲಸ, ಒಂದು ಗುಂಡಿ ತೋಡಿದರೆ ಇನ್ನೊಂದು ಅದನ್ನು ತುಂಬುತ್ತದೆ. ‘ಕೆರೆ ಮುಚ್ಚಿದರು’ ಅಂದರೂ ಮಣ್ಣು ಸುರಿದರು ಅಂತಲೇ ಅರ್ಥ, ಗೇಟು ಹಾಕಿದರು ಅಂತಲ್ಲ. ನೆಲದ ಪಕ್ಕ ಬಂದ ಕೂಡಲೇ ‘ಮುಚ್ಚು’ ಮಣ್ಣಿನ ಮಾತಾಗುತ್ತದೆ.

‘ಮುಚ್ಚಲಾಯಿತು’ ನನಗೆ ಬೇಡವೇ ಬೇಡ. ಮಾಡಿಸಿದವರು ಯಾರೆಂದು ಊರಿಗೆಲ್ಲ ಗೊತ್ತು. ಮುಂಚಿತವಾಗಿ ತಿಳಿಸದೆ ಮುಚ್ಚಿದ್ದಕ್ಕೆ ನಗರಕ್ಕೆ 33,000 ಡಾಲರ್ ದಂಡವೂ ಬಿತ್ತು. ಅಂಥದ್ದನ್ನು ಕರ್ತೃವಿಲ್ಲದ ವಾಕ್ಯದಲ್ಲಿ ಅಡಗಿಸುವುದು ತಪ್ಪು.

ನನಗೆ ಹಿಡಿಸಿದ್ದು ‘ಎತ್ತಿಬಿಟ್ಟರು’. ನಮ್ಮ ತಿಪಟೂರು ಕಡೆ ‘ಸ್ಕೂಲು ಎತ್ತಿಬಿಟ್ರು’ ಅನ್ನುವಾಗ ಕೇಳದೆ ಮಾಡಿದರು ಎಂಬ ನೋವೂ ಆ ಮಾತಿನಲ್ಲೇ ಇರುತ್ತದೆ. ಆದರೆ ಹಿಂದಿನ ಸಾಲಿನಲ್ಲೇ ಹಾರಲಾಗದೆ ನಿಂತ ವಿಮಾನಗಳಿವೆ, ‘ಎತ್ತಿದರು’ ಅಂದರೆ ಓದುಗರು ಕ್ರೇನ್ ನೆನೆಸಿಕೊಳ್ಳುತ್ತಾರೆ.

ಸದ್ಯಕ್ಕೆ ಕರ್ಮಪದಗಳನ್ನು ಬೇರೆಮಾಡಿ ‘ರನ್‌ವೇ ಅಗೆಸಿ ಏರೋಡ್ರಮ್ಮನ್ನೇ ಮುಚ್ಚಿಸಿದರು’ ಎಂದಿಟ್ಟಿದ್ದೇನೆ. ಅರ್ಥ ಸರಿಯಾಯಿತು, ರಭಸ ಹೋಯಿತು.

ಇನ್ನೊಂದು ಸಣ್ಣದು. ಈಗ ಅಲ್ಲಿ ಹುಲ್ಲುಗಾವಲು, ನಡೆಯುವ ದಾರಿ, ಸಂಗೀತದ ವೇದಿಕೆ ಇವೆ. ಪತ್ರಿಕೆಯವರು ಇದಕ್ಕೂ ‘ಪುನರಭಿವೃದ್ಧಿ’ ಎನ್ನುತ್ತಾರೆ. ಆ ಪದ ನನ್ನ ಕಿವಿಗೆ ಬರೀ ಅಪಾರ್ಟ್‌ಮೆಂಟು. ‘ಪಾರ್ಕ್ ಮಾಡಿದರು’ ಅಂತಲೇ ಬರೆದಿದ್ದೇನೆ.

ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ಹೇಳಿ: ಊರಿನ ಶಾಲೆಯನ್ನೋ ಆಸ್ಪತ್ರೆಯನ್ನೋ ಹೇಳದೆ ಕೇಳದೆ ನಿಲ್ಲಿಸಿಬಿಟ್ಟರೆ ನಿಮ್ಮ ಮನೆಯ ಹಿರಿಯರು ಯಾವ ಕ್ರಿಯಾಪದ ಬಳಸುತ್ತಾರೆ? ‘ಬಂದ್ ಮಾಡಿದರು’ ಬಿಟ್ಟು ಬೇರೇನಾದರೂ ಇದೆಯೇ?